ಆ ಸೋಡಾ ಎಲ್ಲಿ ಸಿಗುತ್ತದೆ? ಗಡಿನಾಡಿನ ಒಬ್ಬ ಹುಡುಗನ ಪ್ರಕರಣ

ಈ ಹುಡುಗನ ಹೆಸರು ಕಿರಣ ಅಲ್ಲ. ಊರು, ತಂಡ, ಮನೆಯವರ ಕೆಲಸ ಎಲ್ಲದರಲ್ಲೂ ಅಲ್ಲಲ್ಲಿ ಬದಲಾಯಿಸಿದ್ದೇನೆ. ಕಾಸರಗೋಡು ಜಿಲ್ಲೆಯ ಉತ್ತರದ ತುದಿಯ ಒಂದು ಕನ್ನಡ ಮಾಧ್ಯಮ ಶಾಲೆ ಎಂದಷ್ಟು ತಿಳಿದರೆ ಸಾಕು. ನಾನು ಅಲ್ಲಿ ಕೌನ್ಸಿಲರ್. ಅವನೂ ಅವನ ಅಮ್ಮನೂ ಓದಿ ಒಪ್ಪಿದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ. ಅಮ್ಮ ಎರಡು ಕಡೆ ತಿದ್ದಿಸಿದರು. ತಿದ್ದಿದ್ದೇನೆ.

ಶಾಲೆಯಲ್ಲಿರುವಾಗಲೇ ಕುಡಿಯಲು ತೊಡಗಿದ ಇಂಥ ಮಕ್ಕಳು ಬೇರೆ ಶಾಲೆಗಳಲ್ಲೂ ಇದ್ದಾರೆ ಎಂದು ಗೊತ್ತು. ಅವರ ಜೊತೆ ಕೂರುವ ಟೀಚರ್‌ಗಳಿಗೆ, ಕೌನ್ಸಿಲರ್‌ಗಳಿಗೆ ನಾನು ಎಲ್ಲಿ ತಪ್ಪಿದೆ, ಎಲ್ಲಿ ದಾರಿ ಸಿಕ್ಕಿತು ಎಂಬುದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಕಿರಣನಿಗೆ ಆಗ 15 ವರ್ಷ, ಒಂಬತ್ತನೇ ತರಗತಿ. ಅಪ್ಪ ಗಲ್ಫಿನಲ್ಲಿ ಡ್ರೈವರ್, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಅಮ್ಮ ಬೀಡಿ ಕಟ್ಟುತ್ತಾರೆ. ಮನೆಯಲ್ಲಿ ಅಜ್ಜಿ, ಒಬ್ಬಳು ತಂಗಿ. ಮನೆಮಾತು ತುಳು, ಶಾಲೆಯಲ್ಲಿ ಕನ್ನಡ, ಪೇಟೆಗೆ ಇಳಿದರೆ ಮಲಯಾಳ. ನಮ್ಮ ಕಡೆಯ ಮಕ್ಕಳೆಲ್ಲ ಹೀಗೆಯೇ.

ಓದಿನಲ್ಲಿ ಅವನು ಮಧ್ಯಮ. ಕ್ಯಾಚ್ ಹಿಡಿಯುವುದರಲ್ಲಿ ಮಾತ್ರ ಊರಿಗೇ ಒಬ್ಬ. ನಮ್ಮಲ್ಲಿ ಮಳೆಗಾಲ ಮುಗಿದರೆ ಅಂಡರ್ ಆರ್ಮ್ ಕ್ರಿಕೆಟ್ ಶುರು. ಪದವು ಎಂದರೆ ಗುಡ್ಡದ ಮೇಲಿನ ಬಯಲು, ಅಲ್ಲಿ ಲೈಟು ಕಟ್ಟಿ ರಾತ್ರಿಯಿಡೀ ಪಂದ್ಯ. ಮೈಕಿನಲ್ಲಿ ತುಳು, ಕನ್ನಡ, ಮಲಯಾಳ ಮೂರನ್ನೂ ಬೆರೆಸಿ ಕಾಮೆಂಟ್ರಿ. ಕಿರಣನನ್ನು 13ನೇ ವಯಸ್ಸಿಗೇ ಊರಿನ ತಂಡ ಬೌಂಡರಿಗೆ ನಿಲ್ಲಿಸಿತ್ತು. ತಂಡದ ಉಳಿದವರೆಲ್ಲ 20 ದಾಟಿದವರು. ಅವರು ಬೈಕಿನಲ್ಲಿ ಮನೆ ಮುಂದೆ ಬಂದು "ಬಾರಾ" ಎಂದು ಕರೆದರೆ ಇವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಪ್ಪ ಮನೆಯಲ್ಲಿಲ್ಲದ ಹುಡುಗನಿಗೆ ಆ ಕರೆ ಎಷ್ಟು ದೊಡ್ಡದು ಎಂದು ನನಗೆ ಅರ್ಥವಾದದ್ದು ತುಂಬ ತಡವಾಗಿ.

ಮೊದಲ ಸಲ ಅವನು ಕುಡಿದದ್ದು ಪದವಿನಲ್ಲಿ ಅಲ್ಲ, ಒಂದು ಮದುವೆ ಮನೆಯಲ್ಲಿ. ಮದುವೆಯ ಹಿಂದಿನ ರಾತ್ರಿ ಮದರಂಗಿ. ಮೊದಲೆಲ್ಲ ಹೆಂಗಸರು ಕೂತು ಮದುಮಗಳ ಕೈಗೆ ಮದರಂಗಿ ಹಚ್ಚುವ ಹೊತ್ತು ಅದು. ಈಗ ಡಿಜೆ, ಬಣ್ಣದ ಲೈಟು, ಅಡುಗೆ ಕೊಟ್ಟಿಗೆಯ ಹಿಂದೆ ಗಂಡಸರ ಗುಂಪು. ಅಲ್ಲಿ ತಂಡದ ಅಣ್ಣನೊಬ್ಬ ಒಂದು ಪ್ಯಾಕೆಟ್ ಕೈಗಿಟ್ಟನಂತೆ. 90 ಎಂಎಲ್‌ನ ಕಾಗದದ ಪ್ಯಾಕೆಟ್. "ಜ್ಯೂಸಿನ ಹಾಗೆಯೇ ಇತ್ತು ಟೀಚರ್, ಸ್ಟ್ರಾ ಮಾತ್ರ ಇರ್ಲಿಲ್ಲ" ಎಂದ.

ಈ ಪ್ಯಾಕೆಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೇರಳದ ಅಬಕಾರಿ ಕಾಯ್ದೆಯ ಪ್ರಕಾರ 23 ತುಂಬದವರು ಕುಡಿಯುವಂತಿಲ್ಲ, ಅವರಿಗೆ ಮಾರುವಂತೆಯೂ ಇಲ್ಲ. ದೇಶದಲ್ಲೇ ಬಿಗಿಯಾದ ನಿಯಮಗಳಲ್ಲಿ ಇದೂ ಒಂದು. ಬೀವರೇಜಸ್ ಎಂಬ ಸರ್ಕಾರಿ ಮದ್ಯದಂಗಡಿಯ ಮುಂದಿನ ಸಾಲಿನಲ್ಲಿ ಮೀಸೆ ಮೂಡದ ಹುಡುಗ ನಿಂತರೆ ಯಾರಾದರೂ ಕೇಳುತ್ತಾರೆ. ಆದರೆ ಗಡಿ ಹತ್ತಿರ. ತಲಪಾಡಿ ದಾಟಿದರೆ ಕರ್ನಾಟಕ, ಅಲ್ಲಿ ರೇಟು ಕಡಿಮೆ. ಅಲ್ಲಿಂದ ಗೋಣಿಯಲ್ಲಿ, ಸ್ಕೂಟರಿನ ಸೀಟಿನಡಿಯಲ್ಲಿ ಪ್ಯಾಕೆಟ್ ಬರುತ್ತದೆ. ಮಂಜೇಶ್ವರ, ಬದಿಯಡ್ಕ ಕಡೆ ಕರ್ನಾಟಕದ ಮದ್ಯ ಹಿಡಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಪ್ಯಾಕೆಟ್ ಒಡೆಯುವುದಿಲ್ಲ, ಸದ್ದು ಮಾಡುವುದಿಲ್ಲ, ಯೂನಿಫಾರಂ ಪ್ಯಾಂಟಿನ ಕಿಸೆಯಲ್ಲಿ ಹಿಡಿಯುತ್ತದೆ. ಶಾಲೆಯ ಪಾಲಿಗೆ ಇದು ಬಾಟಲಿಗಿಂತ ಅಪಾಯ. 2025ರ ನವೆಂಬರಿನಲ್ಲಿ ಬೇರೊಂದು ಪ್ರಕರಣದ ವಿಚಾರಣೆ ವೇಳೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೂ ಇದೇ ಆತಂಕ ಹೇಳಿದ್ದರು: ಜ್ಯೂಸ್ ಪ್ಯಾಕೆಟಿನಂತೆ ಕಾಣುವ ಇದನ್ನು ಮಕ್ಕಳು ಶಾಲೆಗೇ ಒಯ್ಯಬಹುದಲ್ಲ ಎಂದು.

ಆ ರಾತ್ರಿ

ಜನವರಿಯ ಒಂದು ಶನಿವಾರ. ತಂಡ ಫೈನಲ್ ಗೆದ್ದಿತ್ತು. ಪದವಿನ ಪಕ್ಕದಲ್ಲಿ ಕೆಂಪುಕಲ್ಲು ತೆಗೆದು ಬಿಟ್ಟ ಕೋರೆ ಉಂಟು. ಅಲ್ಲಿ ಪಾರ್ಟಿ. ಕಿರಣ ಮಧ್ಯಾಹ್ನದ ಊಟದ ನಂತರ ಏನೂ ತಿಂದಿರಲಿಲ್ಲ. ನಾಲ್ಕು ಪ್ಯಾಕೆಟ್ ಕುಡಿದನಂತೆ. ಐದೋ ಇರಬಹುದು, ಅವನಿಗೇ ನೆನಪಿಲ್ಲ.

ರಾತ್ರಿ ಒಂದರ ಹೊತ್ತಿಗೆ ಮಾತಾಡಿಸಿದರೆ ಮಾತಿಲ್ಲ. ಅಣ್ಣಂದಿರಿಗೆ ಹೆದರಿಕೆಯಾಯಿತು. ತಂದು ಬಸ್ ಸ್ಟಾಂಡಿನ ಬೆಂಚಿನಲ್ಲಿ ಅಂಗಾತ ಮಲಗಿಸಿ ಹೊರಟುಹೋದರು. ಒಬ್ಬ ಹುಡುಗ ಮಾತ್ರ ಹೋಗಲಿಲ್ಲ, ಇವನ ತರಗತಿಯವನೇ. ಇವನನ್ನು ಮಗ್ಗುಲಿಗೆ ಹೊರಳಿಸಿ ಅಮ್ಮನಿಗೆ ಫೋನ್ ಮಾಡಿದ. ಹೊರಳಿಸಿದ ಕೂಡಲೇ ಕಿರಣ ವಾಂತಿ ಮಾಡಿದ. ಅಂಗಾತ ಇದ್ದಿದ್ದರೆ ಆ ವಾಂತಿ ಉಸಿರಿನ ಕೊಳವೆಗೆ ಹೋಗಬಹುದಿತ್ತು. ಆ ಹುಡುಗನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. "ಸುಮ್ನೆ, ಹಾಗೆ ಮಲಗಿಸಬೇಕು ಅನ್ನಿಸಿತು" ಎಂದ. ಈ ಇಡೀ ಪ್ರಕರಣದಲ್ಲಿ ಒಂದು ಜೀವ ಉಳಿಸಿದವನು ಅವನು.

ಆಟೋದಲ್ಲಿ ಗಡಿಯಾಚೆಯ ಆಸ್ಪತ್ರೆಗೆ ಒಯ್ದರು. ಮೈ ತಣ್ಣಗಿತ್ತು, ರಕ್ತದಲ್ಲಿ ಸಕ್ಕರೆ ತೀರ ಇಳಿದಿತ್ತು. ಮಕ್ಕಳ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ಮದ್ಯ ಹೊಸ ಸಕ್ಕರೆ ತಯಾರಾಗುವುದನ್ನೂ ತಡೆಯುತ್ತದೆ ಎಂದು ಡಾಕ್ಟರು ಅಮ್ಮನಿಗೆ ವಿವರಿಸಿದರು. ಹಸಿದ ಹೊಟ್ಟೆ ಬೇರೆ. ದೊಡ್ಡವರು ನಿದ್ದೆ ಮಾಡಿ ಎದ್ದುಬಿಡುವಷ್ಟು ಕುಡಿತ ಮಗುವನ್ನು ಕೊಲ್ಲಬಹುದು. "ಮಲಗಿದರೆ ಇಳಿಯುತ್ತದೆ" ಎಂದು ಮನೆಯಲ್ಲಿ ಇಟ್ಟುಕೊಳ್ಳುವವರು ಇದನ್ನು ದಯವಿಟ್ಟು ನೆನಪಿಡಬೇಕು.

ಶಾಲೆಯೊಳಗೆ

ಸೋಮವಾರ ಶಾಲೆಗೆ ಸುದ್ದಿ ಮುಟ್ಟಿತು. ಟಿಸಿ ಕೊಟ್ಟು ಕಳಿಸುವುದೇ ಒಳ್ಳೆಯದು ಎಂದು ಮೊದಲ ಅರ್ಧ ಗಂಟೆ ಎಲ್ಲರೂ ಹೇಳಿದರು. ಹಾಗೆ ಹೇಳಿದವರನ್ನು ನಾನು ದೂರುವುದಿಲ್ಲ. ಉಳಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಉತ್ತರ ಕೊಡಬೇಕಾದವರು ಅವರೇ.

ನಾನು ಕೇಳಿದ್ದು ಒಂದೇ ಪ್ರಶ್ನೆ: ಅವನು ಶಾಲೆಗೆ ಬರದಿದ್ದರೆ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಎಲ್ಲಿರುತ್ತಾನೆ? ಉತ್ತರ ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ವಿಷಯವನ್ನೂ ಮುಂದಿಟ್ಟೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, 15 ವರ್ಷಕ್ಕೆ ಮೊದಲೇ ಕುಡಿಯಲು ತೊಡಗಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಮುಂದೆ ಕುಡಿತಕ್ಕೆ ಅಂಟಿಕೊಂಡಿದ್ದರು. 20 ತುಂಬಿದ ಮೇಲೆ ತೊಡಗಿದವರಲ್ಲಿ ಸುಮಾರು 10 ಮಂದಿ. ಕಿರಣ ಮೊದಲ ಪ್ಯಾಕೆಟ್ ಕುಡಿದದ್ದು 15 ತುಂಬುವ ಮೊದಲೇ, ಅವನು ಮೊದಲ ಗುಂಪಿನವನು. ಅವನನ್ನು ಹೊರಗೆ ಹಾಕುವುದೆಂದರೆ ಆ 40ರ ಕಡೆಗೆ ತಳ್ಳಿದ ಹಾಗೆ. ಇನ್ನೊಂದು ಸಲ ಮಾತಾಡೋಣ ಎಂದು ಹೆಡ್‌ಮಾಸ್ಟರು ಕಡತ ಮುಚ್ಚಿದರು. ಆ ಕಡತ ಮತ್ತೆ ತೆರೆಯಲಿಲ್ಲ.

ಕಿರಣನ ಜೊತೆ ಮೊದಲ ಸಲ ಕೂತಾಗ ಹದಿಹರೆಯದವರಿಗೆ ಬಳಸುವ ಕ್ರಾಫ್ಟ್ ಎಂಬ ಆರು ಪ್ರಶ್ನೆಗಳನ್ನು ಕೇಳಿದೆ. ಕುಡಿದವರು ಓಡಿಸುವ ಗಾಡಿಯಲ್ಲಿ ಕೂತದ್ದುಂಟಾ? ಆರಾಮ ಆಗಲಿಕ್ಕೆ ಕುಡಿದದ್ದುಂಟಾ? ಒಬ್ಬನೇ ಇದ್ದಾಗ? ಏನು ಮಾಡಿದೆ ಎಂಬುದು ಮರೆತದ್ದುಂಟಾ? ಕಡಿಮೆ ಮಾಡು ಎಂದು ಮನೆಯವರೋ ಗೆಳೆಯರೋ ಹೇಳಿದ್ದಾರಾ? ತೊಂದರೆಗೆ ಸಿಕ್ಕಿದ್ದುಂಟಾ? ಎರಡಕ್ಕೆ ಹೌದು ಎಂದರೂ ಮುಂದಿನ ಪರೀಕ್ಷೆ ಬೇಕು ಎಂದು ಲೆಕ್ಕ. ಅವನು ನಾಲ್ಕಕ್ಕೆ ಹೌದು ಎಂದ. "ಒಬ್ಬನೇ" ಎಂಬುದಕ್ಕೆ ಇಲ್ಲ ಎಂದ, ಜೋರಾಗಿ, ಸ್ವಲ್ಪ ಹೆಮ್ಮೆಯಿಂದಲೇ. ಅವನು ಯಾವತ್ತೂ ಒಬ್ಬನೇ ಕುಡಿದಿರಲಿಲ್ಲ. ಆ ಉತ್ತರದಲ್ಲೇ ಎಲ್ಲ ಇತ್ತು. ನಾನು ಆಗ ಅದನ್ನು ಹಿಡಿಯಲಿಲ್ಲ.

ನನ್ನ ಎರಡು ತಪ್ಪು

ಮೊದಲನೆಯದು, ಜಾಗೃತಿ ತರಗತಿ. ಒಂಬತ್ತನೇ ತರಗತಿಯವರನ್ನು ಕೂರಿಸಿ ಪ್ರೊಜೆಕ್ಟರಿನಲ್ಲಿ ಕೊಳೆತ ಲಿವರು, ಹೊಟ್ಟೆ ಉಬ್ಬಿದ ರೋಗಿ, ಅಪಘಾತದ ಬೈಕು ಎಲ್ಲ ತೋರಿಸಿದೆ. ಮಕ್ಕಳು ಮುಖ ತಿರುಗಿಸಿದರು, ಕೆಲವರು ನಕ್ಕರು. ಎಲ್ಲರಿಗೂ ಈ ತರಗತಿ ಯಾರಿಗಾಗಿ ಎಂದು ಗೊತ್ತಿತ್ತು. ಕಿರಣ ತಲೆ ತಗ್ಗಿಸಿ ಡೆಸ್ಕಿನ ಮೇಲೆ ಕೈವಾರದ ಮೊನೆಯಿಂದ ಗೀರುತ್ತಿದ್ದ. ಅವನನ್ನು ಎಲ್ಲರ ಮುಂದೆ ನಿಲ್ಲಿಸಿದ ಹಾಗಾಯಿತು. ಅವನ ಕ್ಷಮೆ ಕೇಳಿದ್ದೇನೆ.

ಎರಡನೆಯದು ಇನ್ನೂ ದೊಡ್ಡದು. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಗುವಿಗೆ ಮದ್ಯ ಕೊಡುವವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮದ್ಯ ಸಾಗಿಸಲು, ಮಾರಲು ಮಗುವನ್ನು ಬಳಸಿದರೆ 78ನೇ ಸೆಕ್ಷನ್, ಅದಕ್ಕೂ ಅಷ್ಟೇ ಶಿಕ್ಷೆ. ಮಗು ಇಲ್ಲಿ ಆರೋಪಿ ಅಲ್ಲ. ಪ್ಯಾಕೆಟ್ ತಂದುಕೊಟ್ಟವನಿಗೆ 24 ವರ್ಷ. ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕಿತ್ತು, ತಿಳಿಸಿದೆ. ಆ ತೀರ್ಮಾನದ ಬಗ್ಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಆದರೆ ಅದನ್ನು ಕಿರಣನಿಗೆ ಮೊದಲು ಹೇಳಲಿಲ್ಲ. "ಇಲ್ಲಿ ಹೇಳಿದ್ದು ಇಲ್ಲಿಯೇ" ಎಂದು ಮೊದಲ ದಿನ ಮಾತು ಕೊಟ್ಟಿದ್ದೆ. ನಿನ್ನ ಜೀವಕ್ಕೆ ಅಪಾಯ ಕಂಡರೆ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತದೆ ಎಂಬ ಒಂದು ವಾಕ್ಯವನ್ನು ಬಿಟ್ಟುಬಿಟ್ಟಿದ್ದೆ. ಪೊಲೀಸರು ಅಣ್ಣನ ಮನೆಗೆ ಹೋದ ಸಂಜೆ ಕಿರಣ ನನಗೆ ಒಂದೇ ಮಾತು ಹೇಳಿದ: "ನಿಮ್ಮನ್ನು ನಂಬಿದ್ದೆ ಟೀಚರ್."

ಮೂರು ವಾರ ನನ್ನ ಕೋಣೆಯ ಕಡೆ ಅವನು ಬರಲಿಲ್ಲ. ವರಾಂಡದಲ್ಲಿ ಎದುರಾದರೆ ಗೋಡೆ ನೋಡುತ್ತ ಹೋಗುತ್ತಿದ್ದ. ಪ್ಯಾಕೆಟ್ ಮಾರುವ ಜಾಗ ಎರಡು ವಾರ ಖಾಲಿಯಾಯಿತು, ಆಮೇಲೆ ಇನ್ನೊಂದು ತಿರುವಿನಲ್ಲಿ ಶುರುವಾಯಿತು.

ಫೋನು

ಅವನು ವಾಪಸ್ ಬಂದದ್ದು ನನಗಾಗಿ ಅಲ್ಲ, ಫೋನಿಗಾಗಿ. ಅಮ್ಮ ಫೋನನ್ನು ಒನಕೆಯಲ್ಲಿ ಕುಟ್ಟುತ್ತೇನೆ ಎಂದು ನಿಂತಿದ್ದರು. "ನೀವು ಅಮ್ಮನಿಗೆ ಸ್ವಲ್ಪ ಹೇಳಿ ಟೀಚರ್" ಎಂದು ಬಂದ. ನಾನು ಒಂದು ಷರತ್ತು ಹಾಕಿದೆ. ಅರ್ಧ ಗಂಟೆ ನನ್ನ ಮುಂದೆ ಕೂತು ದಿನಾ ನೋಡುವ ಹಾಗೆಯೇ ನೋಡಬೇಕು. ನಾನು ಬೈಯುವುದಿಲ್ಲ, ಬರೆದುಕೊಳ್ಳುತ್ತೇನೆ ಅಷ್ಟೆ.

ಆ ಅರ್ಧ ಗಂಟೆ ನನ್ನ ಕಣ್ಣು ತೆರೆಸಿತು. ಎನರ್ಜಿ ಡ್ರಿಂಕಿಗೆ ಏನು ಬೆರೆಸಬೇಕು ಎಂದು ಕಲಿಸುವ ರೀಲು. ಒಂದೇ ಉಸಿರಿಗೆ ಗ್ಲಾಸು ಮುಗಿಸುವ ಪಂಥ. ಕುಡಿದವನ ತಮಾಷೆ. ಕ್ರಿಕೆಟ್ ಸ್ಕೋರಿನ ನಡುವೆ ಒಂದು ಸೋಡಾದ ಜಾಹೀರಾತು: ದೋಣಿ, ಗಿಟಾರು, ಗೆಳೆಯರು, ಹೆಗಲ ಮೇಲೆ ಕೈ. ಸಿನಿಮಾ ಹಾಡುಗಳ ತುಂಡುಗಳು. ಇಲ್ಲೊಂದು ಗಮನಿಸಿದೆ. ಥಿಯೇಟರಿನಲ್ಲಿ ಆ ದೃಶ್ಯ ಬಂದರೆ ಕೆಳಗೆ ಮದ್ಯಪಾನ ಹಾನಿಕರ ಎಂಬ ಸಾಲು ಇರುತ್ತದಲ್ವಾ? ಫೋನಿಗೆ ಹೊಂದುವ ಹಾಗೆ ಉದ್ದಕ್ಕೆ ಕತ್ತರಿಸಿದ ತುಂಡಿನಲ್ಲಿ ಆ ಸಾಲು ಹೊರಗೆ ಹೋಗಿತ್ತು. ಗ್ಲಾಸು, ನಗು, ಹಾಡು ಉಳಿದಿತ್ತು.

ಅರ್ಧ ಗಂಟೆಯಲ್ಲಿ ಹನ್ನೊಂದು ಗೀಟು ಎಳೆದಿದ್ದೆ. ಕಿರಣ ನನ್ನ ಪುಸ್ತಕ ನೋಡಿ, "ಇಷ್ಟೆಲ್ಲ ಉಂಟಾ?" ಎಂದ. ಅವನು ಯಾವುದನ್ನೂ ಹುಡುಕಿ ನೋಡಿದ್ದಲ್ಲ, ತಾನಾಗಿ ಬಂದದ್ದು. ನಾನು ತೋರಿಸಿದ ಕೊಳೆತ ಲಿವರನ್ನು ನೆನಪಿಸಿ, "ಅಂಥವರು ಯಾರೂ ಇದರಲ್ಲಿ ಬರುವುದಿಲ್ಲ ಟೀಚರ್" ಎಂದ. ಕೊಂಕಿನಿಂದ ಅಂದದ್ದಲ್ಲ. ಇದ್ದದ್ದನ್ನು ಹೇಳಿದ.

ಖಾತೆಯಲ್ಲಿ ಹುಟ್ಟಿದ ವರ್ಷ ನೋಡಿದೆ. 1998 ಎಂದಿತ್ತು. ಹನ್ನೊಂದನೇ ವಯಸ್ಸಿನಲ್ಲಿ ಖಾತೆ ತೆರೆಯುವಾಗ ಬೆರಳಿನಲ್ಲಿ ವರ್ಷಗಳನ್ನು ಜೋರಾಗಿ ತಳ್ಳಿ, ನಿಂತಲ್ಲಿ ಒತ್ತಿದ್ದನಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರಿಗೆ ಗುರಿಯಿಟ್ಟ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಆದರೆ ಫೋನಿನ ಲೆಕ್ಕದಲ್ಲಿ ಇವನು ದೊಡ್ಡ ಗಂಡಸು. ನಾವಿಬ್ಬರೂ ಕೂತು ವರ್ಷ ಸರಿಮಾಡಿದೆವು. ಮದ್ಯದ ರೀಲು ಬಂದಾಗಲೆಲ್ಲ "ಬೇಡ" ಒತ್ತುವುದನ್ನು ಅಭ್ಯಾಸ ಮಾಡಿಕೊಂಡ. ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಅಮ್ಮ ಒನಕೆ ಕೆಳಗಿಟ್ಟರು.

ಸೋಡಾ ಹುಡುಕಿದ್ದು

ಆ ಸೋಡಾದ ಜಾಹೀರಾತು ಅವನಿಗೆ ತುಂಬ ಇಷ್ಟ. ಅದರ ಹಾಡು ಬಾಯಿಪಾಠ. "ಕುಡಿದಿದ್ದೀಯಾ ಆ ಸೋಡಾ?" ಎಂದು ಕೇಳಿದೆ. ಇಲ್ಲ ಎಂದ. "ಬಾ, ಇವತ್ತು ನಾನು ತೆಗೆಸಿಕೊಡುತ್ತೇನೆ" ಎಂದೆ. ಇದು ಮೊದಲೇ ಯೋಚಿಸಿದ್ದಲ್ಲ. ಆ ಕ್ಷಣಕ್ಕೆ ತೋಚಿತು.

ಸಂಜೆ ಶಾಲೆ ಬಿಟ್ಟ ಮೇಲೆ ಅಮ್ಮನಿಗೆ ಹೇಳಿ ಪೇಟೆಗೆ ಹೋದೆವು. ಮೊದಲು ಗೂಡಂಗಡಿ. ಅಲ್ಲಿ ಗೋಲಿ ಸೋಡಾ ಇತ್ತು, ಜೀರಿಗೆ ಸೋಡಾ ಇತ್ತು, ಇದಿಲ್ಲ. ಆಮೇಲೆ ಬಸ್ ಸ್ಟಾಂಡಿನ ಬೇಕರಿ. ಫ್ರಿಜ್ಜಿನಲ್ಲಿ ಬಣ್ಣ ಬಣ್ಣದ ಬಾಟಲಿಗಳು, ಇದಿಲ್ಲ. ಬೇಕರಿಯವರು ಹೆಸರು ಕೇಳಿ ನನ್ನ ಮುಖ ನೋಡಿದರು, ಹುಡುಗನ ಯೂನಿಫಾರಂ ನೋಡಿದರು. ದನಿ ಇಳಿಸಿ, "ಅದು ಮತ್ತೊಂದರ ಹೆಸರಲ್ವಾ ಟೀಚರ್? ಇಲ್ಲಿ ಎಂತ ಕೇಳುವುದು?" ಎಂದರು. ಕಿರಣನ ಕಿವಿ ಕೆಂಪಾಯಿತು. ಕೊನೆಗೆ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋದೆವು. ಅಲ್ಲಿನ ಹುಡುಗಿ ಕಂಪ್ಯೂಟರಿನಲ್ಲಿ ಹೆಸರು ಒತ್ತಿ, ಅಂಥದ್ದು ಬಂದೇ ಇಲ್ಲ ಎಂದಳು.

ಎರಡು ಜೀರಿಗೆ ಸೋಡಾ ತೆಗೆದುಕೊಂಡು ಬಸ್ಸಿಗೆ ಕಾಯುತ್ತ ಕೂತೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ಇಲ್ಲದ ಸಾಮಾನಿಗೆ ಇಷ್ಟು ದುಡ್ಡು ಯಾಕೆ ಹಾಕ್ತಾರೆ ಟೀಚರ್?"

ಉತ್ತರ ಬಾಯಿಗೆ ಬಂದಿತ್ತು. ಕಷ್ಟಪಟ್ಟು ನುಂಗಿಕೊಂಡೆ. ಬಸ್ಸು ಬರುವಷ್ಟರಲ್ಲಿ ಅವನೇ ಹೇಳಿದ: "ನಮ್ಮಂಥವರಿಗೆ ಹೆಸರು ನೆನಪಿರಲಿ ಅಂತ."

ನನ್ನ ಮಟ್ಟಿಗೆ ಪ್ರಕರಣ ತಿರುಗಿದ್ದು ಆ ಬೆಂಚಿನಲ್ಲಿ. ಕುಡಿತ ಕೆಟ್ಟದ್ದು ಎಂದು ಅವನಿಗೆ ನೂರು ಮಂದಿ ಹೇಳಿದ್ದರು. ನಿನ್ನನ್ನು ಯಾರೋ ದೂರದಲ್ಲಿ ಕೂತು ಗಿರಾಕಿ ಎಂದು ಎಣಿಸಿದ್ದಾರೆ ಎಂದು ಯಾರೂ ಹೇಳಿರಲಿಲ್ಲ. ಹದಿನೈದರ ಹುಡುಗನಿಗೆ ಆರೋಗ್ಯ ಹಾಳಾಗುವುದಕ್ಕಿಂತ, ತನ್ನನ್ನು ಮೂರ್ಖ ಮಾಡಿದ್ದಾರೆ ಎಂಬುದು ಜಾಸ್ತಿ ನೋಯುತ್ತದೆ.

ಮುಂದಿನ ವಾರ ನಿಯಮ ಏನು ಹೇಳುತ್ತದೆ ಎಂದು ಒಟ್ಟಿಗೆ ಓದಿದೆವು. 1994ರ ಕೇಬಲ್ ಟಿವಿ ನಿಯಮಗಳು ಮದ್ಯವನ್ನು ನೇರವಾಗಿಯೂ ಬಳಸುದಾರಿಯಿಂದಲೂ ಪ್ರಚಾರ ಮಾಡಬಾರದು ಎನ್ನುತ್ತವೆ. ಬೇರೆ ಸಾಮಾನಿನ ಸೋಗಿನಲ್ಲಿ, ಮದ್ಯದ ಹೆಸರಿನಲ್ಲೇ ಸೋಡಾ ತೋರಿಸುವ ಹಾಗೆ, ನಿಷೇಧಿತ ಸಾಮಾನಿನ ಜಾಹೀರಾತು ಕೊಡುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಜೂನ್ 2022ರ ಮಾರ್ಗಸೂಚಿ ತಡೆಯುತ್ತದೆ. ಗ್ರಾಹಕರ ಸಹಾಯವಾಣಿ 1915. ಕಿರಣ ಸ್ಕ್ರೀನ್‌ಶಾಟ್ ತೆಗೆದ, ನಾನು ನನ್ನ ಹೆಸರಿನಲ್ಲಿ ದೂರು ಕೊಟ್ಟೆ. ದೂರಿನ ನಂಬರು ಬಂದಾಗ ಅದನ್ನು ಅವನು ಗಣಿತದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡ.

ಮತ್ತೆ ಬಿದ್ದದ್ದು, ತಂಡದ ಮಾತು

ಏಪ್ರಿಲ್ ರಜೆಯಲ್ಲಿ ಮತ್ತೆ ಕುಡಿದ. ವಿಷುವಿನ ಮರುದಿನದ ಪಂದ್ಯ. ಈ ಸಲ ಅವನೇ ಬಂದು ಹೇಳಿದ. ಅದನ್ನು ನಾನು ಸೋಲು ಎಂದು ಬರೆದುಕೊಳ್ಳಲಿಲ್ಲ. ಮೂರು ವಾರ ಗೋಡೆ ನೋಡಿ ನಡೆದ ಹುಡುಗ ಈಗ ತಾನಾಗಿ ಬಾಗಿಲು ತಟ್ಟಿದ್ದ.

ಕುಡಿತಕ್ಕೆ ಎಷ್ಟು ಅಂಟಿಕೊಂಡಿದ್ದಾನೆ ಎಂದು ಡಾಕ್ಟರೇ ನೋಡಲಿ ಅಂತ ನೀಲೇಶ್ವರ ತಾಲೂಕು ಆಸ್ಪತ್ರೆಯ ವಿಮುಕ್ತಿ ಕೇಂದ್ರಕ್ಕೆ ಕಳಿಸಿದೆವು. ವಿಮುಕ್ತಿ ಎಂದರೆ ಕೇರಳದ ಅಬಕಾರಿ ಇಲಾಖೆಯ ವ್ಯಸನಮುಕ್ತಿ ಯೋಜನೆ, ಸಹಾಯವಾಣಿ 14405. ಅಮ್ಮ ಒಂದು ದಿನದ ಬೀಡಿ ಕೆಲಸ ಬಿಟ್ಟು ರೈಲಿನಲ್ಲಿ ಕರೆದೊಯ್ಯುತ್ತಿದ್ದರು. ಮದ್ದು ಬೇಕಾಗುವ ಹಂತ ಅಲ್ಲ, ಆದರೆ ಬಿಟ್ಟರೆ ಅಲ್ಲಿಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ತಿಂಗಳಿಗೊಮ್ಮೆ ಬರಲು ಹೇಳಿದರು. ಹೋದರು.

ಆಗ ನನ್ನ ಮುಂದೆ ದೊಡ್ಡ ಪ್ರಶ್ನೆ ಇದ್ದದ್ದು ಕ್ರಿಕೆಟ್. ಆಟ ಬಿಡಿಸಿ ಎಂದು ಅಜ್ಜಿ, ಮಾವ, ಎಲ್ಲರೂ ಹೇಳಿದರು. ನಾನೂ ಒಂದು ವಾರ ಹಾಗೆಯೇ ಯೋಚಿಸಿದೆ. ಆದರೆ ಅವನು ಯಾವತ್ತೂ ಒಬ್ಬನೇ ಕುಡಿದಿರಲಿಲ್ಲ. ಅವನಿಗೆ ಬೇಕಾದದ್ದು ಪ್ಯಾಕೆಟ್ ಅಲ್ಲ, ಆ ಗುಂಪು. ಆಟ ಬಿಡಿಸಿದರೆ ಗುಂಪಿಗೆ ಸೇರಲು ಉಳಿಯುವ ಬಾಗಿಲು ಕೋರೆಯ ಪಾರ್ಟಿ ಒಂದೇ.

ಹೆಂಗಸರ, ಮಕ್ಕಳ ರಕ್ಷಣೆ ನೋಡುವ ವಾರ್ಡಿನ ಜಾಗ್ರತಾ ಸಮಿತಿಯ ಮೆಂಬರ್ ಅಕ್ಕನನ್ನು ಕರೆದುಕೊಂಡು ತಂಡದ ಕ್ಯಾಪ್ಟನ್ ಮನೆಗೆ ಹೋದೆ. ಅವರು ವಯರಿಂಗ್ ಕೆಲಸದವರು. ಪೊಲೀಸ್ ಕೇಸಿನಿಂದ ತಂಡ ನಮ್ಮ ಮೇಲೆ ಸಿಟ್ಟಿನಲ್ಲಿತ್ತು. ಅರ್ಧ ಗಂಟೆ ಸಿಟ್ಟಿನ ಮಾತೇ ಆಯಿತು. ಆ ರಾತ್ರಿಯ ಆಸ್ಪತ್ರೆಯ ಚೀಟಿಯನ್ನು ಅಮ್ಮನ ಒಪ್ಪಿಗೆಯಿಂದ ಒಯ್ದಿದ್ದೆ, ಅದನ್ನು ತೋರಿಸಿದೆ. ಅವರು ಎರಡು ಸಲ ಓದಿದರು. "ನಾವು ಬೆಂಚಿನಲ್ಲಿ ಬಿಟ್ಟು ಹೋದದ್ದು ತಪ್ಪು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನನಗೂ 14ರಲ್ಲಿ ಅಣ್ಣಂದಿರೇ ಕೊಟ್ಟದ್ದು ಟೀಚರ್" ಎಂದರು.

ತಂಡದ ಜೆರ್ಸಿಯ ಬೆನ್ನಿನಲ್ಲಿ ಗಡಿಯಾಚೆಯ ಒಂದು ಬಾರಿನ ಹೆಸರಿತ್ತು. ಜೆರ್ಸಿಯ ಖರ್ಚು ಅವರು ಕೊಟ್ಟದ್ದು. ಹದಿನೈದರ ಹುಡುಗ ಅದನ್ನು ತೊಟ್ಟು ಊರೆಲ್ಲ ಓಡಾಡುತ್ತಿದ್ದ, ಅದೇ ಜೆರ್ಸಿಯಲ್ಲಿ ಶಾಲೆಯ ಆಟದ ಪೀರಿಯಡ್ಡಿಗೂ ಬರುತ್ತಿದ್ದ. ಅಷ್ಟು ದಿನ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಜಾಹೀರಾತು ಎಂದರೆ ಫೋನಿನೊಳಗಿನದ್ದು ಎಂದುಕೊಂಡಿದ್ದೆ. ನಮ್ಮ ಮಕ್ಕಳ ಬೆನ್ನ ಮೇಲೇ ಇತ್ತು ಅದು.

ಕ್ಯಾಪ್ಟನ್ ಒಪ್ಪಿದ್ದು ಇಷ್ಟು: 18 ಆಗದವರ ಪಂದ್ಯ ಸಂಜೆ ಆರೂವರೆಗೆ ಮುಗಿಯಬೇಕು. ಆಮೇಲೆ ಅವರನ್ನು ಒಬ್ಬರು ಮನೆಗೆ ಬಿಟ್ಟು ಬರಬೇಕು. ಪಾರ್ಟಿ ನಿಲ್ಲಿಸುತ್ತೇವೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ಜೆರ್ಸಿಗೆ ದುಡ್ಡಿಲ್ಲ ಎಂದರು. ತಂಡದಲ್ಲಿ ಇಬ್ಬರು ಈ ಮಾತಿಗೆ ಸಿಟ್ಟಾಗಿ ಬೇರೆ ತಂಡಕ್ಕೆ ಹೋದರು.

ಜೆರ್ಸಿಯ ಕೆಲಸ ಕಿರಣನ ಮನೆಯಲ್ಲೇ ಆಯಿತು. ಒಂದು ಭಾನುವಾರ ಹೋದಾಗ ಅಮ್ಮ ಜಗಲಿಯಲ್ಲಿ ಬೀಡಿಯ ಮೊರ ಬದಿಗಿಟ್ಟು ಕೂತಿದ್ದರು. ಮಡಿಲಲ್ಲಿ ಜೆರ್ಸಿ. ಎಲೆ ಕತ್ತರಿಸುವ ಕತ್ತರಿಯಲ್ಲೇ ಹಳೆಯ ನೀಲಿ ಯೂನಿಫಾರಂ ಬಟ್ಟೆಯಿಂದ ಒಂದು ಪಟ್ಟಿ ಕತ್ತರಿಸಿ ಬಾರಿನ ಹೆಸರಿನ ಮೇಲೆ ಹೊಲಿಯುತ್ತಿದ್ದರು. ಬೀಡಿಗೆ ನೂಲು ಸುತ್ತಿ ಸುತ್ತಿ ಪಳಗಿದ ಬೆರಳು, ಹೊಲಿಗೆ ಒಂದು ಗೆರೆಯೂ ಓರೆಯಿಲ್ಲ. "ಇವನೇ ಹೇಳಿದ್ದು ಟೀಚರೇ, ನಾನು ಹೇಳಲಿಲ್ಲ" ಎಂದರು. ಮುಂದಿನ ತಿಂಗಳು ಇನ್ನೂ ನಾಲ್ಕು ಜೆರ್ಸಿ ಆ ಜಗಲಿಗೆ ಬಂತು.

ಈಗ ನಾನು ಬೇರೆ ರೀತಿ ಮಾಡುವುದು

ಮೊದಲ ದಿನವೇ ಗುಟ್ಟಿನ ಗಡಿ ಎಲ್ಲಿದೆ ಎಂದು ಮಗುವಿಗೆ ಹೇಳುತ್ತೇನೆ. ದೂರು ಕೊಡಬೇಕಾದರೆ ಮೊದಲು ಅವನಿಗೆ ಹೇಳಿ, ಅವನ ಸಿಟ್ಟನ್ನು ಕೇಳಿಸಿಕೊಂಡು, ಆಮೇಲೆ ಕೊಡುತ್ತೇನೆ. ಕಾನೂನಿನ ಕೆಲಸ ನಿಲ್ಲಬಾರದು, ಆದರೆ ಅದು ಮಗುವಿನ ಬೆನ್ನ ಹಿಂದೆ ನಡೆಯಬಾರದು.

ಲಿವರಿನ ಚಿತ್ರ ತೋರಿಸುವುದನ್ನು ಬಿಟ್ಟೆ. ಈಗ ಎಂಟನೇ ತರಗತಿಯಿಂದಲೇ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ: ಒಂದು ವಾರ ಫೋನು, ಬಸ್ಸು, ಗೋಡೆ, ಅಂಗಿ ಎಲ್ಲಿ ಮದ್ಯದ ಹೆಸರು ಕಂಡರೂ ಬರೆಯಿರಿ. ಸೋಡಾ ಎಂದಿದ್ದರೆ ಅಂಗಡಿಯಲ್ಲಿ ಕೇಳಿ ಬನ್ನಿ. ಮಕ್ಕಳು ಪತ್ತೇದಾರರ ಹಾಗೆ ಹೊರಡುತ್ತಾರೆ. ಜೊತೆಗೆ ಪ್ರಜ್ಞೆ ತಪ್ಪಿದವರನ್ನು ಮಗ್ಗುಲಿಗೆ ಮಲಗಿಸುವುದು, ಒಬ್ಬರನ್ನೇ ಬಿಟ್ಟು ಹೋಗದಿರುವುದು, 108ಕ್ಕೆ ಫೋನ್ ಮಾಡುವುದು ಕಲಿಸುತ್ತೇನೆ. ಇದನ್ನು ಕಲಿಸಿದರೆ ಕುಡಿಯಲು ಒಪ್ಪಿಗೆ ಕೊಟ್ಟ ಹಾಗಲ್ವಾ ಎಂದು ಒಬ್ಬ ಪೋಷಕರು ಕೇಳಿದರು. ಕಿರಣ ಬದುಕಿದ್ದು ಇದರಿಂದ ಎಂದು ಹೇಳಲು ಬರುವುದಿಲ್ಲವಲ್ಲ, ಗುಟ್ಟು ಕಾಯಬೇಕು. ಒಂದು ಮಗು ಬದುಕಿದ್ದು ನಾನು ಕಂಡಿದ್ದೇನೆ ಎಂದಷ್ಟೇ ಹೇಳಿದೆ.

ಇನ್ನು ಮಗುವನ್ನು ಗುಂಪಿನಿಂದ ಕೀಳುವ ಮೊದಲು ಗುಂಪಿನ ಹಿರಿಯರ ಜೊತೆ ಮಾತಾಡಿ ನೋಡಬೇಕು. ಎಲ್ಲ ಕಡೆ ಇದು ನಡೆಯುತ್ತದೆ ಎಂದು ಹೇಳಲಾರೆ. ಇಲ್ಲಿ ನಡೆಯಿತು, ಏಕೆಂದರೆ ಆ ಕ್ಯಾಪ್ಟನ್ನಿನ ಒಳಗೆ 14ರ ಒಬ್ಬ ಹುಡುಗ ಇನ್ನೂ ಇದ್ದ.

ಈಗ

ಕಿರಣ ಡಿಸೆಂಬರಿನ ಕೊನೆಯ ರಾತ್ರಿ ಇನ್ನೊಂದು ಸಲ ಕುಡಿದ, ಅರ್ಧ ಪ್ಯಾಕೆಟ್. ಉಳಿದದ್ದು ಚೆಲ್ಲಿದೆ ಎಂದ. ನಂಬಿದ್ದೇನೆ. ಅದಾದ ಮೇಲೆ ಇಲ್ಲ. ಈ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆದ. ಪ್ಲಸ್ ಒನ್‌ಗೆ ಕಾಮರ್ಸ್ ಬೇಕಂತೆ, ಜಾಹೀರಾತು ಹೇಗೆ ಮಾಡುತ್ತಾರೆ ಎಂದು ಅದರಲ್ಲಿ ಉಂಟಾ ಎಂದು ಕೇಳಿದ್ದ.

ಮೇ ತಿಂಗಳಲ್ಲಿ ಅವನ ಚಿಕ್ಕ ಮಾವನ ಮದುವೆ. ಹಿಂದಿನ ರಾತ್ರಿ ಮದರಂಗಿ. ಡಿಜೆ ಬುಕ್ ಆಗಿದೆ, ಅಡುಗೆ ಕೊಟ್ಟಿಗೆಯ ಹಿಂದಿನ ಜಾಗವೂ ಅದೇ. ಹೋಗಬೇಡ ಎಂದು ಹೇಳಲಾಗುವುದಿಲ್ಲ, ಸ್ವಂತ ಮಾವ. ಕಳೆದ ವಾರ ಇಬ್ಬರೂ ಕೂತು ಒಂದು ಕಾಗದದಲ್ಲಿ ಬರೆದೆವು. ಏಳು ಗಂಟೆಗೆ ಮೊದಲು ಹೊಟ್ಟೆ ತುಂಬ ಊಟ. ಹುಡುಗರಿಗೆ ಬಡಿಸುವ ಕೆಲಸ ಕೇಳಿ ತೆಗೆದುಕೊಳ್ಳುವುದು, ಕೈ ಖಾಲಿ ಇರಬಾರದು. ಬಸ್ ಸ್ಟಾಂಡಿನಲ್ಲಿ ಅವನನ್ನು ಮಗ್ಗುಲಿಗೆ ಹೊರಳಿಸಿದ ಗೆಳೆಯ ಜೊತೆಗೇ ಇರುವುದು. ಯಾರಾದರೂ ಪ್ಯಾಕೆಟ್ ನೀಡಿದರೆ ಹೇಳುವ ಮಾತನ್ನು ಅವನೇ ತುಳುವಿನಲ್ಲಿ ಬರೆದ, ನನಗೆ ಓದಿ ಹೇಳಲಿಲ್ಲ. ಹತ್ತು ಗಂಟೆಗೆ ಕ್ಯಾಪ್ಟನ್ ಬೈಕ್ ತರುತ್ತಾರೆ. ಅವರಿಗೆ ಇವನೇ ಫೋನ್ ಮಾಡಿ ಕೇಳಿದ್ದಾನೆ.